ಮೊದ್ಲು ಮೈ ತಣ್ಣಗೆ ಮಾಡಿ, ಆಮೇಲೆ ಗಾಡಿ ಹತ್ತಿಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಶಿವಮೊಗ್ಗ ಪುಟದಲ್ಲಿ ಬಿಸಿಲಿನ ಬಗ್ಗೆ ಒಂದು ಬಾಕ್ಸ್ ಬಂದಿತ್ತು. ಛತ್ರಿ ಹಿಡ್ಕಳಿ, ಮಜ್ಜಿಗೆ ಕುಡೀರಿ, ಮಧ್ಯಾಹ್ನ ಹೊರಗೆ ಓಡಾಡಬೇಡಿ, ಯಾರಾದ್ರೂ ಬಿದ್ರೆ ನೀರು ಕುಡಿಸಿ ಕೂಡ್ಲೇ ಆಸ್ಪತ್ರೆಗೆ ಸೇರಿಸಿ ಅಂತ. ಎಲ್ಲಾ ಸರಿ, ಕೊನೇ ಸಾಲು ಒಂದು ಬಿಟ್ಟು. ಓಡುವಾಗ ಮೈ ಬಿಸಿ ಏರಿ ಬಿದ್ದೋರನ್ನ, ಹೀಟ್ ಸ್ಟ್ರೋಕ್ ಅಂತಾರಲ್ಲ ಅದು, ಆಸ್ಪತ್ರೆಗೆ ಸಾಗಿಸೋಕೆ ಮೊದ್ಲು ಐಸ್ ನೀರಲ್ಲಿ ತಣ್ಣಗೆ ಮಾಡ್ಬೇಕು. ಆ ಸಾಲು ಓದಿದ್ ಮೇಲೆ ಸುಮ್ನೆ ಇರಕ್ಕಾಗ್ಲಿಲ್ಲ, ಅದಕ್ಕೇ ಬರೀತಿದೀನಿ. ಪತ್ರ ಉದ್ದ ಆದ್ರೆ ಬೈಕಳಬೇಡಿ, ಕತ್ತರಿ ಹಾಕೋದಿದ್ರೆ ಬೇರೆ ಎಲ್ಲಾದ್ರೂ ಹಾಕಿ, ಐಸ್ ವಿಷಯಕ್ಕೆ ಮಾತ್ರ ಹಾಕಬೇಡಿ.

ನಾನು ಹದಿನೇಳು ವರ್ಷ ಸೈನ್ಯದಲ್ಲಿದ್ದೋನು, ಅದರಲ್ಲೂ ಆಸ್ಪತ್ರೆ ಕಡೆ, ನರ್ಸಿಂಗ್ ಅಸಿಸ್ಟೆಂಟ್ ಆಗಿ. ಈಗ ತೀರ್ಥಹಳ್ಳಿ ತಾಲ್ಲೂಕಲ್ಲಿ ಎರಡು ಎಕರೆ ಅಡಿಕೆ ನೋಡ್ಕಂಡಿದೀನಿ. ಬೆಳಿಗ್ಗೆ ಐದೂವರೆಗೆ ಕಾಲೇಜು ಗ್ರೌಂಡಲ್ಲಿ ಅಗ್ನಿವೀರ್‌ಗೆ, ಪೊಲೀಸಿಗೆ ಟ್ರೈ ಮಾಡೋ ಹುಡುಗ್ರನ್ನ ಓಡಿಸ್ತೀನಿ, ದುಡ್ಡು ಗಿಡ್ಡು ಏನಿಲ್ಲ. ಇಪ್ಪತ್ತು ಇಪ್ಪತ್ತೈದು ಜನ ಬರ್ತಾರೆ, ಅದರಲ್ಲಿ ಈಗ ಐದಾರು ಹೆಣ್ಮಕ್ಳೂ ಇದಾರೆ. ಗಂಡು ಹುಡುಗ್ರ ಓಟದ ಲೆಕ್ಕ ಹೇಳ್ತೀನಿ. ಅಗ್ನಿವೀರ್ ರ‍್ಯಾಲಿಲಿ 1.6 ಕಿಲೋಮೀಟರ್ ಓಟ, 5 ನಿಮಿಷ 30 ಸೆಕೆಂಡ್ ಒಳಗೆ ಮುಗಿಸಿದ್ರೆ ಪೂರ್ತಿ 60 ಮಾರ್ಕ್ಸ್. ಕಾನ್‌ಸ್ಟೇಬಲ್‌ಗೆ 1600 ಮೀಟರಿಗೆ 6 ನಿಮಿಷ 30 ಸೆಕೆಂಡ್ ಕೊಡ್ತಾರೆ. ಅಂದ್ರೆ ಗ್ರೌಂಡಿಗೆ ನಾಲ್ಕು ರೌಂಡು. ಕೇಳೋಕೆ ಇಷ್ಟೇನಾ ಅನ್ಸತ್ತೆ, ಆದ್ರೆ ಒಂದೊಂದು ಸೆಕೆಂಡಿಗೆ ಸಾಯೋ ಹುಡುಗ್ರನ್ನ ದಿನಾ ನೋಡ್ತೀನಿ ನಾನು, ಸಾಯೋದು ಅನ್ನೋದನ್ನ ಮಾತಿಗೆ ಹೇಳಿದ್ದಲ್ಲ.

ಹೋದ ವರ್ಷ ಮಾರ್ಚಲ್ಲಿ ನಡೆದದ್ದು ಹೇಳ್ತೀನಿ. ಊರಲ್ಲಿ ಮಾರಿ ಜಾತ್ರೆ, ಹಿಂದಿನ ರಾತ್ರಿ ಯಾರೂ ಸರಿ ನಿದ್ದೆ ಮಾಡಿಲ್ಲ, ನಾನೇ ಇವತ್ತು ಪ್ರಾಕ್ಟೀಸ್ ಇಲ್ಲ ಅಂತ ಹೇಳಿ ತೋಟಕ್ಕೆ ಹೋಗಿದ್ದೆ. ನಾಲ್ಕು ಜನ ಹುಡುಗ್ರು ಮಾತ್ರ ಕೇಳ್ದೆ ಒಂಬತ್ತು ಗಂಟೆಗೆ ಗ್ರೌಂಡಿಗೆ ಇಳಿದಿದಾರೆ. ಅದರಲ್ಲಿ ಒಬ್ಬನಿಗೆ ಎರಡು ದಿನದ ಹಿಂದೆ ಶೀತ ಜ್ವರ ಇತ್ತು, ಅದನ್ನ ಯಾರಿಗೂ ಹೇಳಿಲ್ಲ. ಮೇಲಿಂದ ತೂಕ ಇಳಿಸ್ಬೇಕು ಅಂತ ಟೀಶರ್ಟ್ ಮೇಲೆ ಮಳೆಗಾಲದ ಪ್ಲಾಸ್ಟಿಕ್ ಜಾಕೆಟ್ ಹಾಕ್ಕಂಡಿದಾನೆ, ಇದೊಂದು ಹುಚ್ಚು ಯಾವ ಯೂಟ್ಯೂಬಿಂದ ಬಂತೋ ಗೊತ್ತಿಲ್ಲ. ಎಂಟು ರೌಂಡು ಅಂತ ಶುರು ಮಾಡಿದೋನು ಆರನೇ ರೌಂಡಿಗೆ ಟ್ರ್ಯಾಕ್ ಬಿಟ್ಟು ಗೋಲ್ ಪೋಸ್ಟ್ ಕಡೆ ಓಡಕ್ಕೆ ಹತ್ತಿದಾನೆ. ಎಂತದೋ ಮಾರಾಯ ಅಂತ ಕೈ ಹಿಡಿದ್ರೆ ಕೊಸರಿಕೊಂಡು, ಬಿಡ್ರೋ ಬಸ್ ಹೋಗತ್ತೆ, ಬಸ್ ಹೋಗತ್ತೆ ಅಂದನಂತೆ. ಯಾವ ಬಸ್ಸು? ಹುಡುಗ್ರು ನಕ್ಕಿದಾರೆ. ಎರಡು ನಿಮಿಷಕ್ಕೆ ಕುಸಿದು ಬಿದ್ದಿದಾನೆ.

ಆ ಬಸ್ಸಿನ ಮಾತೇ ಲಕ್ಷಣ ಸ್ವಾಮಿ. ಓಡ್ತಾ ಇದ್ದೋನು ತಲೆಬುಡ ಇಲ್ದೆ ಮಾತಾಡ್ದ, ಕುಡಿದೋನ ಹಾಗೆ ತೂರಾಡ್ದ, ಸುಮ್ಸುಮ್ನೆ ಸಿಟ್ಟು ಮಾಡ್ದ ಅಂದ್ರೆ ಅದು ಸುಸ್ತಲ್ಲ, ಮಿದುಳಿಗೆ ಬಿಸಿ ತಟ್ಟಿದೆ ಅಂತ ಅರ್ಥ. ಒಳಗಿನ ಟೆಂಪರೇಚರ್ 40 ಡಿಗ್ರಿ ಸೆಲ್ಸಿಯಸ್ ದಾಟಿರತ್ತೆ, ಕೆಲವ್ರಿಗೆ 42 ಮುಟ್ಟಿರತ್ತೆ. ಆದ್ರೆ ಅಲ್ಲಿದ್ದೋರಿಗೆ ಎಂತ ಗೊತ್ತಾಗ್ಬೇಕು? ಮೈ ತುಂಬ ಬೆವರು ಸುರೀತಿತ್ತು, ಬಿಸಿಲು ಹೊಡೆದ್ರೆ ಮೈ ಒಣಗಿರತ್ತೆ ಅಂತ ಯಾರೋ ಹೇಳಿದಾರೆ, ಹಾಗಾಗಿ ಇದು ಬಿಸಿಲಿಂದಲ್ಲ, ಫಿಟ್ಸು ಅಂತ ತೀರ್ಮಾನ. ಒಬ್ಬ ಬೈಕಿನ ಕೀ ತಂದು ಮುಷ್ಟಿಲಿ ಇಟ್ಟ. ಇನ್ನೊಬ್ಬ ಗ್ಲುಕೋಸ್ ನೀರು ಬಾಯಿಗೆ ಹೊಯ್ದ, ಅದು ಮೂಗಲ್ಲಿ ಬಂತು, ಶ್ವಾಸಕ್ಕೆ ಹೋಗಿದ್ರೆ ಅಲ್ಲೇ ಮುಗೀತಿತ್ತು. ಜಾಕೆಟ್ ಮಾತ್ರ ಯಾರೂ ಬಿಚ್ಚಿಲ್ಲ. ಒಣಗಿದ ಮೈ ಅನ್ನೋದು ಮನೆಲಿ ಕೂತ ವಯಸ್ಸಾದೋರಿಗೆ ಬಿಸಿಲು ಬಡಿದಾಗ ಕಾಣೋ ಲಕ್ಷಣ, ಓಡಿ ಬಿದ್ದೋರಿಗೆ ಸಾಮಾನ್ಯವಾಗಿ ಬೆವರು ಇರತ್ತೆ, ಇದನ್ನ ದಯವಿಟ್ಟು ಎಲ್ರೂ ತಲೇಲಿಟ್ಕಳಿ.

ನಂಗೆ ಫೋನ್ ಬರೋ ಹೊತ್ತಿಗೆ ಓಮ್ನಿಲಿ ಮಲಗಿಸಿ ಹೊರಟಾಗಿತ್ತು, ಆರು ಜನ ತುಂಬ್ಕೊಂಡು. ನೀರು ಹೊಯ್ರೋ, ಗಾಡಿ ನಿಲ್ಸಿ ಹಳ್ಳಕ್ಕಿಳಿಸ್ರೋ ಅಂತ ಕೂಗಿದೆ, ಸಿಗ್ನಲ್ ಕಟ್ಟಾಯ್ತು, ನಮ್ಮ ಕಡೆ ಸಿಗ್ನಲ್ ಕತೆ ನಿಮಗೆ ಗೊತ್ತಲ್ಲ. ಆ ದಾರೀಲಿ ಎರಡು ಕಡೆ ರೋಡಿನ ಪಕ್ಕದಲ್ಲೇ ಹಳ್ಳ ಹರಿಯತ್ತೆ, ಮಾರ್ಚಲ್ಲೂ ಮೊಣಕಾಲುದ್ದ ನೀರಿರತ್ತೆ. ಅದನ್ನ ದಾಟ್ಕೊಂಡು ಮುಕ್ಕಾಲು ಗಂಟೆ ಹೋಗಿದಾರೆ. ಆಸ್ಪತ್ರೆ ಹೆಸರು ಬರಿಯಲ್ಲ, ಅಲ್ಲೂ ಫ್ಯಾನ್ ಹಾಕಿ, ಜ್ವರದ ಇಂಜೆಕ್ಷನ್ ಕೊಟ್ಟು, ಮಂಗನ ಕಾಯಿಲೆ, ಅಂದ್ರೆ ಉಣ್ಣೆ ಕಚ್ಚಿ ಬರೋ ಕ್ಯಾಸನೂರು ಕಾಡಿನ ಜ್ವರ, ಇರಬಹುದು ಅಂತ ರಕ್ತ ತೆಗೆದಿದಾರೆ. ಅವರನ್ನೂ ಪೂರ್ತಿ ಬಯ್ಯಕ್ಕಾಗಲ್ಲ, ಬೇಸಿಗೆಲಿ ಮಲೆನಾಡಲ್ಲಿ ಮೈ ಕಾದ್ರೆ ನಮ್ಮ ತಲೆ ಮೊದ್ಲು ಹೋಗೋದೇ ಕ್ಯಾಸನೂರು ಕಾಡಿನ ಕಡೆ. ಆದ್ರೆ ಇದು ಜ್ವರ ಅಲ್ಲ. ಜ್ವರದಲ್ಲಿ ಮಿದುಳೇ ಬಿಸಿ ಏರ್ಸು ಅಂತ ಹೇಳಿರತ್ತೆ, ಪ್ಯಾರಾಸಿಟಮಾಲ್ ಆ ಆರ್ಡರ್ ಕ್ಯಾನ್ಸಲ್ ಮಾಡತ್ತೆ. ಇಲ್ಲಿ ಆರ್ಡರ್ರೇ ಇಲ್ಲ, ಸ್ನಾಯುಗಳು ಹುಟ್ಸಿದ ಬಿಸಿ ಹೊರಗೆ ಹೋಗಕ್ಕೆ ದಾರಿ ಸಿಗದೆ ಒಳಗೇ ಉಳಿದಿರತ್ತೆ. ಮಾತ್ರೆಯಿಂದ ಕೆಲಸ ಆಗಲ್ಲ, ಮೊದ್ಲೇ ಏಟು ತಿಂದ ಲಿವರ್ ಮೇಲೆ ಇನ್ನೊಂದು ಹೊರೆ ಅಷ್ಟೆ.

ಮಾರನೇ ದಿನ ನಾನು ನೋಡಕ್ಕೆ ಹೋದಾಗ ಮಂಚದ ಪಕ್ಕ ಮೂತ್ರದ ಚೀಲ ನೇತಾಡ್ತಿತ್ತು. ಅದರ ಬಣ್ಣ ಅಡಿಕೆ ಬೇಯಿಸಿದ ಚೊಗರಿನ ಬಣ್ಣ, ಕಪ್ಪುಗೆಂಪು. ಸ್ನಾಯು ಕರಗಿ ರಕ್ತಕ್ಕೆ ಸೇರಿ ಕಿಡ್ನಿ ಕಟ್ಕೊಂಡಾಗ ಹಾಗಾಗತ್ತೆ, ಸರ್ವಿಸಲ್ಲಿ ನೋಡಿದ್ದೆ, ನಮ್ಮೂರ ಹುಡುಗನ ಚೀಲದಲ್ಲಿ ನೋಡ್ತೀನಿ ಅಂತ ಅಂದ್ಕಂಡಿರ್ಲಿಲ್ಲ. ಅವರಮ್ಮ, ಅಣ್ಣಾ ಇವ್ನು ನಿನ್ನೆ ಬೆಳಿಗ್ಗೆ ಎರಡು ಕಡುಬು ಜಾಸ್ತಿನೇ ತಿಂದ್ಕೊಂಡು ಹೋಗಿದ್ದ ಅಂತ ಅದನ್ನೇ ನಾಲ್ಕು ಸಲ ಹೇಳಿದ್ರು. ಹನ್ನೊಂದು ಸಲ ಡಯಾಲಿಸಿಸ್ ಆಯ್ತು. ಬದುಕಿದಾನೆ. ಈಗ ಮಾತು ಸ್ವಲ್ಪ ತೊದಲತ್ತೆ, ಗ್ಲಾಸ್ ಎತ್ತೋವಾಗ ಕೈ ನಡುಗತ್ತೆ, ಸೈನ್ಯದ ಮಾತು ಮುಗೀತು. ಅವನಿಗಿನ್ನೂ ಹತ್ತೊಂಬತ್ತು.

ಈಗ ವಿಷಯಕ್ಕೆ ಬರ್ತೀನಿ. ಹೀಗೆ ಬಿದ್ದೋನಿಗೆ ಸಮಯ ಅರ್ಧ ಗಂಟೆ. ಬಿದ್ದ ಅರ್ಧ ಗಂಟೆ ಒಳಗೆ ಒಳಗಿನ ಟೆಂಪರೇಚರ್ 39ರ ಹತ್ರಕ್ಕೆ ಇಳಿಸಿದ್ರೆ ಹುಡುಗ ಹೆಚ್ಚು ಕಮ್ಮಿ ಎದ್ದು ಮನೆಗೆ ಹೋಗ್ತಾನೆ, ತಡ ಆದಷ್ಟೂ ಕಿಡ್ನಿ, ಲಿವರ್, ಮಿದುಳು ಒಂದೊಂದಾಗಿ ಹೋಗತ್ತೆ. ಮಲೆನಾಡಲ್ಲಿ ಅರ್ಧ ಗಂಟೆಲಿ ಯಾವ ಆಸ್ಪತ್ರೆ ಮುಟ್ತೀರಿ? ಹಾಗಾಗಿ ಚಿಕಿತ್ಸೆ ಗ್ರೌಂಡಲ್ಲೇ ಆಗ್ಬೇಕು. ಮೊದ್ಲು ತಣ್ಣಗೆ ಮಾಡೋದು, ಎರಡನೇದು ಸಾಗಿಸೋದು. 108ಕ್ಕೆ ಫೋನ್ ತಕ್ಷಣ ಮಾಡಿ, ಬೇಡ ಅಂತಿಲ್ಲ, ಆದ್ರೆ ಅದು ಬರೋವರ್ಗೂ ಕೈಕಟ್ಟಿ ನಿಲ್ಲಬೇಡಿ, ಬಂದ ಮೇಲೂ ಹುಡುಗ ತಣ್ಣಗಾಗದೇ ಹತ್ತಿಸಬೇಡಿ.

ಇದೇನು ನನ್ನ ತಲೆಯಿಂದ ಹುಟ್ಟಿದ ಮಾತಲ್ಲ. ಅಮೆರಿಕದಲ್ಲಿ ಫಾಲ್ಮತ್ ಅಂತ ಒಂದು ಊರಲ್ಲಿ ಪ್ರತಿ ಆಗಸ್ಟಲ್ಲಿ ಓಟದ ಸ್ಪರ್ಧೆ ನಡಿಯತ್ತೆ, ಅಲ್ಲಿ 18 ವರ್ಷದಲ್ಲಿ ಹೀಗೆ ಬಿಸಿಗೆ ಬಿದ್ದ 274 ಜನರನ್ನ ಫಿನಿಶ್ ಲೈನ್ ಪಕ್ಕದ ಟೆಂಟಲ್ಲೇ ಐಸ್ ನೀರಿನ ಟಬ್ಬಿಗೆ ಇಳಿಸಿದಾರೆ, 274ಕ್ಕೆ 274 ಜನ ಬದುಕಿದಾರೆ. ಅವರ ಸೈನ್ಯದ ಟ್ರೈನಿಂಗ್ ಸೆಂಟರಲ್ಲಿ ಇನ್ನೂ ಸುಲಭದ್ದು ಮಾಡ್ತಾರೆ, ದೊಡ್ಡ ಐಸ್ ಬಾಕ್ಸಲ್ಲಿ ನೀರು ಐಸ್ ಹಾಕಿ ಅದರಲ್ಲಿ ಬೆಡ್‌ಶೀಟ್ ಮುಳುಗಿಸಿ ಇಟ್ಟಿರ್ತಾರೆ, ಯಾರಾದ್ರೂ ಬಿದ್ರೆ ಬಟ್ಟೆ ಬೂಟು ಬಿಚ್ಚಿ ತಲೆಯಿಂದ ಪಾದದವರೆಗೂ, ಮುಖ ಒಂದು ಬಿಟ್ಟು, ಆ ಶೀಟು ಸುತ್ತಿ, ಅದು ಬಿಸಿ ಆಗ್ತಿದ್ದ ಹಾಗೆ ತೆಗೆದು ಇನ್ನೊಂದು ಸುತ್ತುತಾರೆ. ಟಬ್ಬಿನಷ್ಟು ಜೋರಾಗಿ ಕೆಲಸ ಮಾಡಲ್ಲ ಇದು, ಆದ್ರೆ ಲಾರಿಲಿ ಹಾಕ್ಕಂಡು ರೂಟ್ ಮಾರ್ಚ್ ಹಿಂದೆ ಹೋಗ್ಬಹುದು, ಅದೇ ಇದರ ಉಪಯೋಗ.

ನಮ್ಮ ಸೈನ್ಯದಲ್ಲೂ ತಿಳಿದ ಹಳಬ್ರಿಗೆ ಇದು ಗೊತ್ತಿತ್ತು. ಉತ್ತರದ ಒಂದು ಕಡೆ ಜೂನ್ ತಿಂಗಳಲ್ಲಿ ಬಿಪಿಇಟಿ, ಅಂದ್ರೆ ರೈಫಲ್ಲು ಸಾಮಾನು ಎಲ್ಲಾ ಹೊತ್ಕೊಂಡು 5 ಕಿಲೋಮೀಟರ್ ಓಡೋ ಟೆಸ್ಟು. ಕೊನೇ ಕಿಲೋಮೀಟರಲ್ಲಿ ಒಬ್ಬ ಜವಾನ ಬಿದ್ದ. ನಾನಿನ್ನೂ ಹೊಸಬ, ಡ್ರಿಪ್ ಹಾಕಕ್ಕೆ ನರ ಹುಡುಕ್ತಿದ್ದೆ. ಹಿಂದಿಂದ ಬಂದ ಸುಬೇದಾರ್ ಸಾಹೇಬ್ರು ನನ್ನ ಕಾಲರ್ ಹಿಡಿದು ಪಕ್ಕಕ್ಕೆ ಎಳೆದು, ಸೂಜಿ ಆಮೇಲೆ, ಮೊದ್ಲು ನೀರಿಗೆ ಹಾಕು ಅಂತ ಹಿಂದೀಲಿ ಗದರಿ, ಮೆಸ್ಸಿನ ಹಿಂದೆ ಇದ್ದ ಸಿಮೆಂಟ್ ತೊಟ್ಟಿಗೆ ಯೂನಿಫಾರಮ್ ಸಮೇತ ಇಳಿಸಿಬಿಟ್ರು. ಮೆಸ್ಸಿನ ಫ್ರಿಜ್ಜಲ್ಲಿದ್ದ ಐಸೆಲ್ಲ ಅದಕ್ಕೇ ಸುರಿದ್ವಿ. ಕಾಲು ಗಂಟೆ ಆದ್ಮೇಲೆ ಅವ್ನು ಕಣ್ಣು ಬಿಟ್ಟು ನನ್ನ ಬೂಟೆಲ್ಲಿ ಅಂತ ಕೇಳ್ದ. ಆ ಪ್ರಶ್ನೆ ಕೇಳಿ ಅಷ್ಟು ಖುಷಿ ಆಗಿದ್ದು ನಂಗೆ ಇವತ್ತಿಗೂ ನೆನಪಿದೆ.

ನೀವು ಕೇಳ್ಬಹುದು, ಐಸ್ ನೀರಿಗೆ ಹಾಕಿದ್ರೆ ಶಾಕ್ ಆಗಿ ಹಾರ್ಟ್ ನಿಂತ್ಕಳಲ್ವ ಅಂತ. ಓದಿದೋರೂ ಇದನ್ನೇ ಕೇಳ್ತಾರೆ. ಹಾಗಾಗೋದಿದ್ರೆ ಫಾಲ್ಮತ್ತಿನ ಆ 274 ಜನ ಬದುಕ್ತಿರ್ಲಿಲ್ಲ. ಚಳಿಗೆ ಚರ್ಮದ ರಕ್ತನಾಳ ಬಿಗಿಯೋದು ನಿಜ, ಆದ್ರೂ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಬಿಸಿ ಎಳ್ಕೊಳತ್ತೆ, ಹಾಗಾಗಿ ಬಿಗಿದರೂ ಇಳಿಯೋದು ಇಳಿದೇ ಇಳಿಯತ್ತೆ, ಐದಾರು ನಿಮಿಷಕ್ಕೆ ಒಂದು ಡಿಗ್ರಿ. ಕಂಕುಳಿಗೆ ಕುತ್ತಿಗೆಗೆ ನಾಲ್ಕು ಐಸ್ ಪ್ಯಾಕ್ ಇಟ್ಟು ಸುಮ್ನಾಗೋದು ಇದರ ಮುಂದೆ ಏನೇನೂ ಅಲ್ಲ. ವಯಸ್ಸಾದೋರ ಲೆಕ್ಕ ಬೇರೆ, ನಾನು ಹೇಳ್ತಿರೋದು ಓಡಿ ಬಿದ್ದ ಹದಿನೆಂಟು ಇಪ್ಪತ್ತರ ಹುಡುಗ್ರಿಗೆ.

ಇನ್ನೊಂದು ಮಾತು ಬರತ್ತೆ, ನಮ್ಮದು ಮಲೆನಾಡು, ತಂಪು ಊರು, ಇದೆಲ್ಲ ರಾಯಚೂರು ಬಳ್ಳಾರಿಯೋರಿಗೆ ಅಂತ. ಅಲ್ಲೇ ಎಡವೋದು. ಬೆವರು ಬಂದ್ರೆ ಸಾಲಲ್ಲ, ಅದು ಆರ್ಬೇಕು, ಆರಿದ್ರೆ ಮಾತ್ರ ಮೈ ತಣ್ಣಗಾಗೋದು. ಏಪ್ರಿಲಲ್ಲಿ ಒಂದು ಅಡ್ಡಮಳೆ ಹೊಡೆದು ಮಾರನೇ ದಿನ ಬಿಸಿಲು ಬಂದಾಗ ತೋಟದಲ್ಲಿ ಹೇಗಿರತ್ತೆ ಹೇಳಿ, ಹಬೆಲಿ ಕೂತ ಹಾಗೆ, ಅಂಗಿ ಹಿಂಡಿದ್ರೆ ನೀರು ಸುರಿಯತ್ತೆ. ಥರ್ಮಾಮೀಟರ್ 32 ತೋರಿಸ್ತಿರತ್ತೆ, ಮೈಗೆ ಅದು 40ರ ಕಷ್ಟ. ಅಮೆರಿಕದ ಮೆರೀನ್ ಟ್ರೈನಿಂಗ್ ಕ್ಯಾಂಪುಗಳಲ್ಲಿ 1950ರ ದಶಕದಲ್ಲಿ ರಂಗರೂಟುಗಳು ಸಾಲುಸಾಲಾಗಿ ಬೀಳೋದು ನೋಡಿ ಅಲ್ಲಿನ ವಿಜ್ಞಾನಿಗಳು ಇದಕ್ಕೇ ಬೇರೆ ಲೆಕ್ಕ ಕಟ್ಟಿದ್ರು, ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್ ಅಂತ. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ 70 ಪರ್ಸೆಂಟ್ ತೂಕ, ಬಿಸಿಲು ಹೀರೋ ಕಪ್ಪು ಗೋಳದೊಳಗಿನ ಥರ್ಮಾಮೀಟರಿಗೆ 20, ನಾವು ದಿನಾ ಪೇಪರಲ್ಲಿ ಓದೋ ಟೆಂಪರೇಚರಿಗೆ ಬರೀ 10. ಅದು ಸಂಶೋಧನಾ ಲೇಖನವಾಗಿ ಬಂದಿದ್ದು 1957ರಲ್ಲಿ. ನಮ್ಮ ಸೊರಬದ ಕಾಡಲ್ಲಿ ಮಂಗನ ಕಾಯಿಲೆ ಪತ್ತೆ ಆಗಿದ್ದೂ ಅದೇ ವರ್ಷ, ಅದು ಮಾತ್ರ ನಮಗೆ ಬಾಯಿಪಾಠ. ತಂಪು ದೇಶದ ಮಾತಿಗೆ ಇನ್ನೊಂದು ಉದಾಹರಣೆ ಕೊಡ್ತೀನಿ. 2013ರ ಜುಲೈಲಿ ವೇಲ್ಸಿನ ಬ್ರೆಕನ್ ಬೀಕನ್ಸ್ ಬೆಟ್ಟದಲ್ಲಿ, ನಮ್ಮ ಕೊಡಚಾದ್ರಿ ಕುಂದಾದ್ರಿ ಥರ ಹಸಿರು ಬೆಟ್ಟ ಅದು, ಬ್ರಿಟಿಷ್ ಸೈನ್ಯದ ಸೆಲೆಕ್ಷನ್ನಿನ ನಡಿಗೆ ಪರೀಕ್ಷೇಲಿ ಮೂರು ಜನ ಮೀಸಲು ಸೈನಿಕರು ಬಿಸಿಗೆ ಸತ್ತರು. ನಮ್ಮ ಲೆಕ್ಕಕ್ಕೆ ಅವತ್ತಿಂದು ಬಿಸಿಲೇ ಅಲ್ಲ, ಬೆನ್ನ ಮೇಲೆ ಹೊರೆ ಇತ್ತು, ಹಿಂದೆ ಬೀಳಬಾರದು ಅನ್ನೋ ಹಟ ಇತ್ತು.

ಅದೇ ಹಟ ನಮ್ಮ ಹುಡುಗ್ರಲ್ಲೂ ಇದೆ. 2024ರಲ್ಲಿ ಜಾರ್ಖಂಡಲ್ಲಿ ಅಬಕಾರಿ ಕಾನ್‌ಸ್ಟೇಬಲ್ ನೇಮಕಾತಿಗೆ 10 ಕಿಲೋಮೀಟರ್ ಓಡಿಸಿದಾಗ ಹತ್ತಕ್ಕೂ ಹೆಚ್ಚು ಅಭ್ಯರ್ಥಿಗಳು ಸತ್ತ ಸುದ್ದಿ ನಿಮ್ಮ ಪೇಪರಲ್ಲೂ ಬಂದಿರತ್ತೆ. ಅದು ನೋಡಿದಾಗ ನಂಗೆ ಕಣ್ಮುಂದೆ ಬಂದಿದ್ದು ರಾತ್ರಿ ಬಸ್ಸಲ್ಲಿ ನಿಂತ್ಕೊಂಡು ಹೋಗಿ, ಬಸ್ ಸ್ಟ್ಯಾಂಡಲ್ಲಿ ಮಲಗಿ, ತೂಕ ಜಾಸ್ತಿ ಆದೀತು ಅಂತ ನೀರು ಕುಡಿಯದೆ, ಯಾವ್ದೋ ಪೌಡರ್ ಕಲಸಿ ಕುಡ್ಕೊಂಡು ಲೈನಲ್ಲಿ ನಿಲ್ಲೋ ನಮ್ಮ ಹುಡುಗ್ರು. ಬಯಲುಸೀಮೆಗೆ ಓಡಕ್ಕೆ ಹೋಗೋದಿದ್ರೆ ಮೈ ಆ ಬಿಸಿಲಿಗೆ ಒಗ್ಗಕ್ಕೆ ಹತ್ತರಿಂದ ಹದಿನಾಲ್ಕು ದಿನ ಬೇಕು, ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡ್ತಾ. ಆಗುಂಬೆ ಕಡೆಯಿಂದ ನೇರ ಹೋಗಿ ಮರುದಿನ ಬೆಳಿಗ್ಗೆ ಓಡೋನಿಗೆ ಅದೆಲ್ಲಿ ಬರ್ಬೇಕು. ನೀರಿನ ವಿಷಯನೂ ಹೇಳ್ಬಿಡ್ತೀನಿ, ನೀರು ಕುಡಿದಿದೀನಿ ನಂಗೇನಾಗಲ್ಲ ಅನ್ನೋದು ಸುಳ್ಳು, ಬಾಯಾರಿಕೆಗೆ ಕುಡೀಬೇಕು, ಹಟಕ್ಕೆ ಲೀಟರ್‌ಗಟ್ಟಲೆ ಕುಡಿದು ರಕ್ತದ ಉಪ್ಪು ತೆಳ್ಳಗೆ ಮಾಡ್ಕೊಂಡು ಬಿದ್ದೋರೂ ಇದಾರೆ.

ಸರಿ, ಐಸ್ ಟಬ್ಬು ನಮ್ಮ ಗ್ರೌಂಡಲ್ಲಿ ಎಲ್ಲಿಂದ ತರೋದು? ನಾನೂ ಸುಮಾರು ದಿನ ತಲೆ ಕೆಡಿಸ್ಕೊಂಡೆ. ಕೊನೆಗೆ ಸಿಕ್ಕಿದ್ದು ಮನೆ ಅಂಗಳದಲ್ಲೇ. ಅಡಿಕೆ ಮುಚ್ಚೋ ಟಾರ್ಪಾಲು. ವಿದೇಶದಲ್ಲೂ ಇದೇ ಮಾಡ್ತಾರಂತೆ, ಟಾರ್ಪಾಲಿನ ಅಂಚನ್ನ ಆರೇಳು ಜನ ಎತ್ತಿ ಹಿಡ್ಕಂಡ್ರೆ ಅದೇ ತೊಟ್ಟಿ. ಮಧ್ಯದಲ್ಲಿ ಬಿದ್ದೋನನ್ನ ಮಲಗ್ಸಿ, ನೂರು ನೂರೈವತ್ತು ಲೀಟರ್ ನೀರು ಹೊಯ್ದು, ಐಸ್ ಸುರಿದು, ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ಅಲ್ಲಾಡಿಸ್ತಾ ಇರ್ಬೇಕು, ನಿಂತ ನೀರು ಮೈ ಪಕ್ಕದಲ್ಲೇ ಬಿಸಿ ಆಗಿಬಿಡತ್ತೆ ಅದಕ್ಕೆ. ಒಬ್ಬ ತಲೆ ಕಡೆ ನಿಂತು ಕಂಕುಳ ಕೆಳಗೆ ಟವೆಲ್ ಹಾಕಿ ಹಿಡಿದಿರ್ಬೇಕು, ಮುಖ ನೀರಿಗೆ ಹೋಗಬಾರ್ದು. ಇದನ್ನ ಕಳೆದ ತಿಂಗಳು ಗ್ರೌಂಡಲ್ಲಿ ಪ್ರಾಕ್ಟೀಸ್ ಮಾಡಿದ್ವಿ. ಐಸು ಪೇಟೆಯ ಮೀನಂಗಡಿ ಸಾಬ್ರು ಕೊಟ್ರು, ಮಂಗಳೂರು ಕಡೆಯಿಂದ ಮೀನಿನ ಜೊತೆ ಬರೋ ಐಸು, ಎರಡು ಥರ್ಮಾಕೋಲ್ ಬಾಕ್ಸ್, ದುಡ್ಡು ಬೇಡ ಅಂದ್ರು. ಯಾರು ಮಲಗ್ತೀರೋ ಅಂದ್ರೆ ಎಲ್ರೂ ಹಿಂದೆ ಸರಿದ್ರು, ಕೊನೆಗೆ ಒಬ್ಬ ದಪ್ಪ ಹುಡುಗ ಧೈರ್ಯ ಮಾಡಿದ. ಐಸ್ ಬಿದ್ದ ತಕ್ಷಣ ಅವ್ನು ಕಿರುಚಿದ ರೀತಿಗೆ ಕಾಲೇಜಿನ ವಾಚ್‌ಮನ್ ಓಡಿ ಬಂದ. ಒಂದು ನಿಮಿಷಕ್ಕೇ ಹಲ್ಲು ಕಟಕಟ, ಸಾಕು ಸಾರ್ ಸಾಕು ಸಾರ್ ಅಂತ, ಆರೋಗ್ಯವಾಗಿರೋನಲ್ವ, ಎಬ್ಬಿಸಿದ್ವಿ. ಮೈಯೆಲ್ಲ ಬಂಗಡೆ ವಾಸನೆ, ಅವತ್ತಿಂದ ಅವನಿಗೆ ಅದೇ ಹೆಸರು. ಟಾರ್ಪಾಲ್ ಬಿಡಿಸಿ ನೀರು ತುಂಬೋ ತನಕ ಮೊದಲ ಸಲ ಏಳು ನಿಮಿಷ ಹಿಡೀತು, ಮೂರನೇ ಸಲಕ್ಕೆ ಎರಡೂವರೆಗೆ ಬಂತು. ಹೆಣ್ಮಕ್ಳಿಗೆ ಬೇರೆ ಟೀಮ್ ಮಾಡಿದೀವಿ, ಅವ್ರೇ ಜಾಸ್ತಿ ಚುರುಕು.

ಐಸ್ ಸಿಗದಿದ್ರೆ ಕೂರಬೇಡಿ, ಬಾವಿ ನೀರು, ಅಬ್ಬಿ ನೀರು, ಹಳ್ಳ, ಬೋರಿನ ಪೈಪು ಯಾವುದಾದ್ರೂ ಸರಿ, ಮೈ ಪೂರ್ತಿ ನೆನೀಬೇಕು, ಬಿಡದೆ ಹೊಯ್ಯಬೇಕು, ಜೊತೆಗೆ ಗಾಳಿ ಬೀಸ್ಬೇಕು. ತೋಟಕ್ಕೆ ಔಷಧಿ ಹೊಡೆಯೋ ಡ್ರಮ್ಮು ಪಂಪು ಆಗತ್ತೆ, ಆದ್ರೆ ಮೈಲುತುತ್ತ ಸುಣ್ಣ ಎಲ್ಲಾ ಸರಿಯಾಗಿ ತೊಳೆದಿಟ್ಟಿರಿ, ಕಣ್ಣಿಗೆ ಹೋದೀತು. ಎಷ್ಟು ಹೊತ್ತು ಅಂದ್ರೆ, ಸರಿಯಾದ ಲೆಕ್ಕ ಸಿಗೋದು ಗುದದ್ವಾರದಲ್ಲಿಡೋ ಥರ್ಮಾಮೀಟರಲ್ಲಿ ಮಾತ್ರ, ಅದು ತಿಳಿದೋರು ಮಾಡೋ ಕೆಲಸ. ಹಣೆಗೆ ಹಿಡಿಯೋ ಗನ್ನು, ಕಂಕುಳಿಗಿಡೋದು ಎರಡೂ ಮೋಸ ಮಾಡತ್ತೆ, ಒಳಗೆ 41 ಇದ್ದಾಗ ಹೊರಗೆ 38 ತೋರಿಸ್ಬಹುದು. ಗ್ರೌಂಡಲ್ಲಿ ಅದಿಲ್ಲದಿದ್ರೆ ಹತ್ತು ಹದಿನೈದು ನಿಮಿಷ, ಇಲ್ಲಾ ಚೆನ್ನಾಗಿ ನಡುಗಕ್ಕೆ ಶುರು ಆಗೋ ತನಕ. ಪ್ರಜ್ಞೆ ಪೂರ್ತಿ ಇಲ್ದೆ ಇರೋನ ಬಾಯಿಗೆ ಒಂದು ಹನಿನೂ ಹಾಕಬೇಡಿ. ಉಸಿರೇ ಇಲ್ಲ ಅಂದ್ರೆ ಅದು ಬೇರೆ ವಿಷಯ, ಎದೆ ಒತ್ತೋದು ಮೊದ್ಲು.

ಇನ್ನು ಅಧಿಕಾರಿಗಳಿಗೆ. ಮಾಚೇನಹಳ್ಳಿಲಿ ಕೆಎಸ್‌ಆರ್‌ಪಿ, ಅಂದ್ರೆ ರಾಜ್ಯದ ಮೀಸಲು ಪೊಲೀಸ್ ಪಡೆಯ ಎಂಟನೇ ಬೆಟಾಲಿಯನ್ ಇದೆ, ಭದ್ರಾವತಿಲಿ ಆರ್‌ಎಎಫ್, ಅಂದ್ರೆ ಕೇಂದ್ರದ ಕ್ಷಿಪ್ರ ಕಾರ್ಯ ಪಡೆಯ 97ನೇ ಬೆಟಾಲಿಯನ್ ಇದೆ. ಅವರಿಗೆ ನಾನು ಪಾಠ ಹೇಳ್ತಿಲ್ಲ, ಅಲ್ಲಿ ತಿಳಿದೋರಿದಾರೆ. ನನ್ನ ಕೋರಿಕೆ ಅಂದ್ರೆ ಅವರಲ್ಲಿ ಒಬ್ರಿಬ್ರು ತಿಂಗಳಿಗೊಮ್ಮೆ ನೆಹರೂ ಸ್ಟೇಡಿಯಂಗೋ ತಾಲ್ಲೂಕು ಗ್ರೌಂಡುಗಳಿಗೋ ಬಂದು ಈ ಹುಡುಗ್ರಿಗೆ ತೋರಿಸಿಕೊಡ್ಲಿ. ದೈಹಿಕ ಪರೀಕ್ಷೆ ನಡೆಸೋ ಇಲಾಖೆಗಳು ಓಟನ ಬೆಳಿಗ್ಗೆ ಎಂಟರೊಳಗೆ ಮುಗಿಸ್ಲಿ, ಫಿನಿಶ್ ಲೈನ್ ಪಕ್ಕ ನೆರಳು, ಎರಡು ಟಬ್ಬು, ಐಸು, ಬೆಡ್‌ಶೀಟು ಇಟ್ಕೊಳ್ಲಿ. ಶಾಮಿಯಾನಕ್ಕೆ, ಅತಿಥಿಗಳ ಹಾರಕ್ಕೆ ಆಗೋ ಖರ್ಚಲ್ಲಿ ಇದು ಎಷ್ಟನೇ ಭಾಗ? ಆಂಬ್ಯುಲೆನ್ಸ್ ನಿಲ್ಸಿದೀವಿ ಅಂತಾರೆ, ಒಳಗೆ ನೋಡಿದ್ರೆ ಐಸ್ ಇರಲ್ಲ, ಆಕ್ಸಿಜನ್ ಇರತ್ತೆ. ಇನ್ನು ದುಡ್ಡು ತಗೊಂಡು ಕೋಚಿಂಗ್ ಕೊಡೋ ಅಕಾಡೆಮಿಗಳು ಈಗ ಊರಿಗೆರಡು ಆಗಿವೆ, ಕೆಲವು ಕಡೆ ಬಿದ್ದೋನಿಗೆ ಎದ್ದು ಓಡೋ ಹೇಡಿ ಅಂತ ಬಯ್ತಾರೆ. ಬಯ್ಯೋನಿಗೆ ಸೈನ್ಯದಲ್ಲಿ ಎಷ್ಟು ವರ್ಷ ಸರ್ವಿಸ್ ಆಗಿದೆ ಅಂತ ಕೇಳಿ ನೋಡಿ.

ನಮ್ಮ ಗ್ರೌಂಡಲ್ಲಿ ಈಗ ಒಂದು ನೀಲಿ ಟಾರ್ಪಾಲು, ನಾಲ್ಕು ಬಕೆಟ್ಟು, ಹತ್ತು ಹಳೇ ಬೆಡ್‌ಶೀಟು ಪೆವಿಲಿಯನ್ ಮೆಟ್ಟಿಲ ಕೆಳಗೆ ಇದೆ, ಬೀಗ ಹಾಕಿಲ್ಲ, ಕೀ ಹುಡುಕ್ತಾ ನಿಲ್ಲಬಾರ್ದು ಅಂತ. ಪ್ಲಾಸ್ಟಿಕ್ ಜಾಕೆಟ್ ಹಾಕ್ಕಂಡು ಬಂದೋನನ್ನ ಗೇಟಿಂದಲೇ ವಾಪಸ್ ಕಳಿಸ್ತೀನಿ. ಜ್ವರ ಬಂದು ಹೋದೋರು ವಾರ ಓಡೋ ಹಾಗಿಲ್ಲ. ಆ ಹುಡುಗನೂ ಈಗೀಗ ಬೆಳಿಗ್ಗೆ ಬಂದು ಸ್ಟಾಪ್‌ವಾಚ್ ಹಿಡೀತಾನೆ, ಕೈ ನಡುಗೋದ್ರಿಂದ ಒಂದೊಂದ್ಸಲ ಅರ್ಧ ಸೆಕೆಂಡ್ ಹೆಚ್ಚು ಕಮ್ಮಿ ಆಗತ್ತೆ, ಯಾರೂ ತಕರಾರು ಮಾಡಲ್ಲ.

ನಿಮ್ಮಲ್ಲಿ ಕೇಳೋದು ಇಷ್ಟೆ. ಆ ಬಾಕ್ಸನ್ನ ಇನ್ನೊಮ್ಮೆ ಹಾಕಿ, ಕೊನೇ ಸಾಲು ತಿದ್ದಿ: ಓಡುವಾಗ ಬಿದ್ದು ಅಡ್ಡಾದಿಡ್ಡಿ ಮಾತಾಡ್ತಿದ್ರೆ ಬಟ್ಟೆ ಬಿಚ್ಚಿ ಐಸ್ ನೀರಲ್ಲಿ ಮುಳುಗಿಸಿ, ತಣ್ಣಗಾದ ಮೇಲೆ ಆಸ್ಪತ್ರೆಗೆ ಸಾಗಿಸಿ. ಬಜೆಟ್ ಸುದ್ದಿ ಪಕ್ಕ ಜಾಗ ಇಲ್ದಿದ್ರೆ ಅಡಿಕೆ ಧಾರಣೆ ಪಕ್ಕದಲ್ಲಿ ಹಾಕಿ, ನಮ್ಮ ಕಡೆ ಅದನ್ನ ಓದದೇ ಯಾರೂ ಪೇಪರ್ ಮಡಚಲ್ಲ.

ಇಂತಿ,
ಒಬ್ಬ ಮಾಜಿ ಸೈನಿಕ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ